ಬೀದರಿನ ಉದ್ಯಾನಗಳೂ ನೆಲದಡಿಯ ನೀರೂ: ಬಹಮನಿ ಮತ್ತು ಬರೀದಶಾಹಿ ಕಾಲದ ಭೂವಿನ್ಯಾಸವನ್ನು ಕುರಿತ ಒಂದು ವಿಚಾರ

ಬೀದರಿನ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಕಲ್ಲಿನ ಇತಿಹಾಸವನ್ನೇ ಬರೆದಿರುವರು. ಕೋಟೆ, ಮಹಲು, ಮದರಸ, ಗೋರಿ, ಮಸೀದಿ ಇವುಗಳ ಅಳತೆ, ಶಾಸನ, ಅಲಂಕರಣಗಳು ಸವಿವರವಾಗಿ ದೊರೆಯುತ್ತವೆ. ಹೈದರಾಬಾದು ಸಂಸ್ಥಾನದ ಪ್ರಾಕ್ತನ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥವು ಈ ದಿಸೆಯಲ್ಲಿ ಇಂದಿಗೂ ಮೂಲಾಧಾರವಾಗಿದೆ. ಆದರೆ ಈ ಕಟ್ಟಡಗಳ ನಡುವೆ ಇದ್ದ ತೋಟಗಳು, ಅವುಗಳಿಗೆ ನೀರೊದಗಿಸಿದ ಕಾಲುವೆಗಳು, ಊರ ಹೊರಗಿನ ವಿಹಾರವನಗಳು, ಬೇಟೆಯ ಕಾಡುಗಳು, ಇವು ಹೆಸರಿನ ಉಲ್ಲೇಖಕ್ಕೆ ಮಾತ್ರ ಭಾಜನವಾಗಿವೆ. ಇದಕ್ಕೆ ಕಾರಣವೂ ಸ್ಪಷ್ಟವೇ. ಕಲ್ಲು ಉಳಿಯುತ್ತದೆ, ಗಿಡ ಒಣಗುತ್ತದೆ. ನೀರು ನಿಂತ ವರುಷವೇ ಉದ್ಯಾನವು ಹೊಲವಾಗುತ್ತದೆ. ಹೀಗಿದ್ದರೂ ಉದ್ಯಾನವನ್ನು ಬಿಟ್ಟು ಬೀದರಿನ ರಾಜಧಾನಿಯನ್ನು ಅರಿಯಲು ಯತ್ನಿಸುವುದು ಅಂಗಳವನ್ನು ಬಿಟ್ಟು ಮನೆಯನ್ನು ವರ್ಣಿಸಿದಂತೆ ಎಂಬುದು ನಮ್ಮ ಅಭಿಪ್ರಾಯ. ಉಳಿದಿರುವ ಕುರುಹುಗಳನ್ನು ನೀರಿನ ದಾರಿಯನ್ನು ಹಿಡಿದು ಓದುವ ಪ್ರಯತ್ನವನ್ನು ಪ್ರಸ್ತುತ ಲೇಖನದಲ್ಲಿ ಮಾಡಲಾಗಿದೆ.

ಮೊದಲು ನೆಲವನ್ನು ನೋಡೋಣ. ಬೀದರು ನಗರವು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗಳಿಗೂ ಮೇಲಿರುವ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಈ ಕಲ್ಲು ರಂಧ್ರಮಯವಾದುದು. ಮಳೆಯ ನೀರನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ಅದರ ಕೆಳಗೆ ದಖ್ಖನಿನ ಕರಿಕಲ್ಲಿನ ಪದರವಿದ್ದು, ನೀರು ಅಲ್ಲಿಂದ ಕೆಳಗಿಳಿಯಲು ಸುಲಭವಾಗಿ ಎಡೆ ದೊರೆಯುವುದಿಲ್ಲ. ಆದುದರಿಂದ ಅದು ಎರಡು ಪದರಗಳು ಕೂಡುವ ಎಡೆಯಲ್ಲಿ ಅಡ್ಡವಾಗಿ ಹರಿದು, ಪ್ರಸ್ಥಭೂಮಿಯು ಕಣಿವೆಗೆ ಇಳಿಯುವ ಸ್ಥಳಗಳಲ್ಲಿ ಝರಿಯಾಗಿ ಹೊರಬೀಳುತ್ತದೆ. ಝರಣಿ ನರಸಿಂಹ, ಪಾಪನಾಶ, ನಾನಕ್ ಝೀರಾ ಎಂಬ ಮೂರು ಪುಣ್ಯಸ್ಥಳಗಳೂ ಇಂತಹ ಅಂಚಿನಲ್ಲಿಯೇ ಇರುವುದು ಆಕಸ್ಮಿಕವಲ್ಲ. ಹಿಂದೂ, ಮುಸಲ್ಮಾನ, ಸಿಖ್ಖ ಎಂಬ ಭೇದವಿಲ್ಲದೆ ಎಲ್ಲರ ಭಕ್ತಿಯೂ ಇಲ್ಲಿ ನೀರಿನ ಬಳಿಗೆ ಬಂದು ನಿಂತಿದೆ. ಔರಾದ, ಭಾಲ್ಕಿ ತಾಲೂಕುಗಳ ಕಡೆಗೆ ಇಳಿದರೆ ನೆಲವು ಹೆಚ್ಚಾಗಿ ಕಪ್ಪಾಗುತ್ತದೆ. ಅಲ್ಲಿ ತೊಗರಿ, ಉದ್ದು, ಜೋಳ ಬೆಳೆಯುತ್ತವೆ. ಕೋಟೆಗೋಡೆಯ ಹೊರಗೆ ಬೆಳೆದ ಗಾಂಧಿ ಗಂಜಿನಲ್ಲಿ ಧಾನ್ಯದ ಚೀಲಗಳನ್ನು ಇಳಿಸಿಕೊಳ್ಳುವ ವ್ಯಾಪಾರಿಯು ಕೆಂಪು ನೆಲದ ಮೇಲೆ ಕುಳಿತು ಕಪ್ಪು ನೆಲದ ಬೆಳೆಯನ್ನು ಕೊಳ್ಳುತ್ತಾನೆ ಎನ್ನಬಹುದು. ಕಪ್ಪು ನೆಲವು ಅನ್ನವನ್ನು ಕೊಟ್ಟಿತು, ಕೆಂಪು ನೆಲವು ನೀರನ್ನು ಕೊಟ್ಟಿತು. ರಾಜಧಾನಿಗೆ ಎರಡೂ ಬೇಕಾಗಿದ್ದವು.

ಉದ್ಯಾನವನ್ನು ಈ ನಾಡಿಗೆ ತಂದವರು ಬಹಮನಿಗಳೇ ಎಂದು ಭಾವಿಸುವುದು ಸರಿಯಲ್ಲ. ಇದೇ ಜಿಲ್ಲೆಯ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ವಿನೋದಗಳನ್ನು ಹೇಳುವಾಗ ವನಕ್ರೀಡೆ, ಜಲಕ್ರೀಡೆಗಳೊಡನೆ ಭೂಧರಕ್ರೀಡೆಯನ್ನೂ ಹೇಳುತ್ತದೆ, ಎಂದರೆ ವಿಹಾರಕ್ಕಾಗಿ ಗುಡ್ಡವನ್ನೇ ಕಟ್ಟಿ ಅದರ ಮೇಲೆ ತೋಟವನ್ನು ರಚಿಸುವ ಕಲ್ಪನೆ. ದೇವಾಲಯಗಳಿಗೆ ಪೂದೋಂಟವನ್ನು ದತ್ತಿ ಬಿಟ್ಟ ಉಲ್ಲೇಖಗಳು ಕನ್ನಡ ಶಾಸನಗಳಲ್ಲಿ ಹೇರಳವಾಗಿವೆ. ಆದರೆ ಎರಡು ಪರಂಪರೆಗಳ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಚಾಲುಕ್ಯರ ತೋಟವು ಕೆರೆಯನ್ನು ನಂಬಿದ್ದಿತು. ಮೇಲೆ ಕಾಣುವ ನೀರನ್ನು ಕಟ್ಟಿ ನಿಲ್ಲಿಸುವ ವಿದ್ಯೆ ಅದರದು. ಬೀದರಿನ ತೋಟವು ಇದರ ಜೊತೆಗೆ ಕಾಣದ ನೀರನ್ನೂ ಹುಡುಕಿ ತೆಗೆಯಿತು.

ಬಹಮನಿ ಸುಲ್ತಾನ ಅಹಮದ ಶಾಹನು (1422-1436) ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಬದಲಾಯಿಸಿದ ಸಂಗತಿ ಸುಪರಿಚಿತವಾದುದು. ಬೇಟೆಯ ವೇಳೆ ನರಿಯೊಂದು ನಾಯಿಗಳಿಗೆ ತಿರುಗಿಬಿದ್ದುದನ್ನು ಕಂಡು ಅರಸನು ಈ ಸ್ಥಳವನ್ನು ಆರಿಸಿದನೆಂಬ ಕಥೆಯುಂಟು. ಹಂಪೆಯ ಮೊಲದ ಕಥೆಯನ್ನು ಬಲ್ಲ ಓದುಗರು ಇದರ ಐತಿಹಾಸಿಕ ಬೆಲೆಯನ್ನು ತಾವೇ ನಿರ್ಣಯಿಸಬಲ್ಲರು. ಆದರೂ ಈ ಕಥೆಯಲ್ಲಿ ನಮಗೆ ಪ್ರಯೋಜನಕರವಾದ ಒಂದು ಅಂಶವಿದೆ: ಕಥೆಗಾರರ ನೆನಪಿನಲ್ಲಿ ಬೀದರು ಬೇಟೆಯ ಕಾಡಾಗಿದ್ದಿತು. ಊರಿನ ಹೆಸರನ್ನು ‘ಬಿದಿರು’ ಎಂಬ ಶಬ್ದದಿಂದ ಬಿಡಿಸುವವರೂ ಇದನ್ನೇ ಹೇಳುತ್ತಾರೆ. ವಿದುರನಿಗೆ ಸಂಬಂಧ ಕಲ್ಪಿಸುವ ವ್ಯುತ್ಪತ್ತಿಗಿಂತ ಇದು ಭಾಷಾದೃಷ್ಟಿಯಿಂದ ಸಹಜವಾಗಿ ತೋರುತ್ತದೆ. ಆದರೆ ಅರಸನು ಬಂದಾಗ ಇಲ್ಲಿ ಕಾಡು ಮಾತ್ರ ಇದ್ದಿತೆನ್ನಲಾಗದು. ಕೋಟೆಯೊಳಗಿನ ಸೋಲಾ ಖಂಬ ಮಸೀದಿಯ ಶಾಸನವು 1423-24ರ ಕಾಲದ್ದು. ರಾಜಧಾನಿಯ ದೊಡ್ಡ ಕಟ್ಟಡಗಳು ಏಳುವ ಮುನ್ನವೇ ಇಲ್ಲಿ ಹೇಳಿಕೊಳ್ಳುವಂತಹ ವಸತಿ ಇದ್ದಿತೆಂಬುದನ್ನು ಅದು ಸೂಚಿಸುತ್ತದೆ. ಕೋಟೆಯ ಕೆಲಸವು 1432ರ ಸುಮಾರಿಗೆ ಒಂದು ಹಂತಕ್ಕೆ ಬಂದಿತು. ಆ ಕೋಟೆಯ ಮೂರು ಸಾಲಿನ ಕಂದಕವನ್ನು ಜಂಬಿಟ್ಟಿಗೆಯಲ್ಲಿಯೇ ಕಡಿದು ತೆಗೆಯಲಾಗಿದೆ. ಅದೇ ಕಲ್ಲು ಗೋಡೆಗೆ ಏರಿತು. ಅಂದಮೇಲೆ ಈ ಬಂಡೆಯನ್ನು ಆಳವಾಗಿ, ಅಳತೆಗೆ ತಪ್ಪದಂತೆ ಕಡಿಯಬಲ್ಲ ಕೆಲಸಗಾರರ ದೊಡ್ಡ ಪಡೆಯೊಂದು ಆಗ ಇಲ್ಲಿ ನೆರೆದಿದ್ದಿತು ಎಂದಾಯಿತು. ಮುಂದಿನ ವಿಷಯಕ್ಕೆ ಈ ಅಂಶವು ಮುಖ್ಯವಾದುದು.

ಆ ವಿಷಯವೆಂದರೆ ಕರೇಜ್. ಪಾರಸೀಕ ದೇಶದಲ್ಲಿ ಬಹು ಪ್ರಾಚೀನ ಕಾಲದಿಂದ ಬಳಕೆಯಲ್ಲಿದ್ದ ಈ ನೀರಿನ ವ್ಯವಸ್ಥೆಯ ರೀತಿ ಹೀಗಿದೆ. ಎತ್ತರದ ನೆಲದಲ್ಲಿ ಅಂತರ್ಜಲವನ್ನು ಮುಟ್ಟುವವರೆಗೆ ಒಂದು ತಾಯಿಬಾವಿಯನ್ನು ತೋಡುವರು. ಅದರ ತಳದಿಂದ ತಗ್ಗಿನ ಕಡೆಗೆ ಅತ್ಯಲ್ಪ ಇಳಿಜಾರಿನ ಸುರಂಗವನ್ನು ಕಡಿಯುವರು. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ನೆಟ್ಟಗೆ ಬಾವಿಗಳನ್ನು ಇಳಿಸುವರು. ಕಡಿದ ಮಣ್ಣನ್ನು ಮೇಲೆತ್ತಲು, ಒಳಗಿನವರಿಗೆ ಗಾಳಿ ಬೆಳಕು ದೊರೆಯಲು, ಮುಂದೆ ಹೂಳು ತೆಗೆಯಲು ಇವು ಬೇಕು. ಕೊನೆಗೆ ಸುರಂಗವು ನೆಲದ ಮಟ್ಟಕ್ಕೆ ಬಂದು ತೆರೆದುಕೊಂಡಾಗ ನೀರು ಎತ್ತುವವರಿಲ್ಲದೆ, ಏತ ಕಪಿಲೆಗಳಿಲ್ಲದೆ ತಾನಾಗಿಯೇ ಹರಿದು ಬರುತ್ತದೆ. ಇಳಿಜಾರು ಹೆಚ್ಚಾದರೆ ನೀರು ಸುರಂಗವನ್ನೇ ಕೊರೆದುಬಿಡುತ್ತದೆ. ಕಡಿಮೆಯಾದರೆ ನಿಂತು ಹೂಳು ತುಂಬುತ್ತದೆ. ನೆಲದಡಿಯ ಕತ್ತಲೆಯಲ್ಲಿ ಈ ಲೆಕ್ಕವನ್ನು ಹಿಡಿದವರ ಕೌಶಲವು ರಂಗೀನ್ ಮಹಲಿನಲ್ಲಿ ಮುತ್ತಿನ ಚಿಪ್ಪನ್ನು ಕಲ್ಲಿಗೆ ಕೂಡಿಸಿದವರ ಕೌಶಲಕ್ಕಿಂತ ಕಡಿಮೆಯದೆಂದು ನಾವು ಒಪ್ಪಲಾರೆವು.

ಬೀದರಿನಲ್ಲಿ ನೌಬಾದ್, ಶುಕ್ಲತೀರ್ಥ, ಜಮ್ನಾ ಮೋರಿ ಎಂಬ ಹೆಸರುಗಳಿಂದ ಇಂತಹ ಸುರಂಗವ್ಯವಸ್ಥೆಗಳು ಗುರುತಿಸಲ್ಪಟ್ಟಿವೆ. ಇವು ಹದಿನೈದನೆಯ ಶತಮಾನದ ಬಹಮನಿ ಕೆಲಸವೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮತ. ಈ ಮತಕ್ಕೆ ಎರಡು ಸಂಗತಿಗಳು ಬೆಂಬಲವೀಯುತ್ತವೆ. ಒಂದು, ಮೇಲೆ ಹೇಳಿದ ಕಂದಕದ ಕೆಲಸಗಾರರು. ಇನ್ನೊಂದು, ಅಹಮದ ಶಾಹನ ಆಸ್ಥಾನಕ್ಕೂ ಪಾರಸೀಕದ ಕಿರ್ಮಾನ್ ಪ್ರಾಂತಕ್ಕೂ ಬೆಳೆದ ಸಂಬಂಧ. ಕಿರ್ಮಾನಿನ ಮಾಹಾನ್ ಎಂಬಲ್ಲಿದ್ದ ಸೂಫಿ ಸಂತ ಶಾಹ ನಿಅಮತುಲ್ಲಾರನ್ನು ಅರಸನು ಆಹ್ವಾನಿಸಿದನು. ಅವರ ಮೊಮ್ಮಗ ನೂರುಲ್ಲಾ ಮೊದಲು ಬಂದರು. 1431ರಲ್ಲಿ ಸಂತರು ತೀರಿಕೊಂಡ ತರುವಾಯ ಮಗ ಖಲೀಲುಲ್ಲಾರೂ ಬಂದು ನೆಲೆಸಿದರು. ಅಷ್ಟೂರಿನ ದಾರಿಯಲ್ಲಿರುವ ಎಂಟು ಮೂಲೆಯ ಚೌಖಂಡಿಯು ಅವರದೇ. ಕಿರ್ಮಾನ್ ಪ್ರಾಂತವು ನೆಲದಡಿಯ ಕಾಲುವೆಗಳಿಂದಲೇ ಬದುಕಿದ ಮರುಭೂಮಿಯ ಅಂಚು. ಸಂತರ ಹಿಂದೆ ಶಿಷ್ಯರು, ವರ್ತಕರು, ಕುಶಲಕರ್ಮಿಗಳು ಬರುವುದು ಸಹಜ. ಕರೇಜಿನ ವಿದ್ಯೆಯು ಇದೇ ದಾರಿಯಲ್ಲಿ ಬಂದಿರಬೇಕೆಂಬುದು ನಮ್ಮ ಊಹೆ. ಆದರೆ ವಿದ್ಯೆ ಹೊರಗಿನದಾದರೂ ನೆಲ ಇಲ್ಲಿಯದು. ಪಾರಸೀಕದಲ್ಲಿ ಹೆಚ್ಚಾಗಿ ಬೆಟ್ಟದ ತಪ್ಪಲಿನ ಮೆಕ್ಕಲಿನಲ್ಲಿ ತೋಡುವ ಸುರಂಗವನ್ನು ಬೀದರಿನಲ್ಲಿ ಬಂಡೆಯಲ್ಲಿ ಕಡಿಯಬೇಕಾಯಿತು. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುವ ಭಕ್ತರು, ಜಂಬಿಟ್ಟಿಗೆಯ ಸುರಂಗದಲ್ಲಿ ನೀರು ಹೇಗೆ ನಿಲ್ಲುತ್ತದೆ, ಹೇಗೆ ಹರಿಯುತ್ತದೆ ಎಂಬುದನ್ನು ಪುಸ್ತಕವಿಲ್ಲದೆಯೇ ಬಲ್ಲರು. ಇಂತಹ ಸ್ಥಳೀಯ ಅನುಭವವು ಹೊರಗಿನ ವಿದ್ಯೆಗೆ ಒದಗಿಬರದೆ ಇದ್ದೀತೆ?

ಬುರ್ಹಾನಪುರದಲ್ಲಿ ಅಬ್ದುಲ್ ರಹೀಂ ಖಾನಖಾನಾನನ ಆಡಳಿತದಲ್ಲಿ 1615ರಲ್ಲಿ ರಚಿತವಾದ ಸುರಂಗಗಳು ಹೆಚ್ಚು ಪ್ರಸಿದ್ಧಿ ಪಡೆದಿವೆ. ಮೇಲಿನ ಮತವನ್ನು ಒಪ್ಪುವುದಾದರೆ ಬೀದರಿನವು ಅವುಗಳಿಗಿಂತ ಒಂದೂವರೆ ಶತಮಾನದಷ್ಟಾದರೂ ಹಳೆಯವು.

ನೀರು ಎಲ್ಲಿಗೆ ಹೋಯಿತು ಎಂಬುದು ಮುಂದಿನ ಪ್ರಶ್ನೆ. ಕುಡಿಯುವುದಕ್ಕೆ ಮತ್ತು ಸೈನ್ಯಕ್ಕೆ ಎಂಬುದು ಪ್ರಥಮ ಉತ್ತರ. ಪ್ರಸ್ಥಭೂಮಿಯ ಮೇಲಿನ ಕೋಟೆಗೆ ಮುತ್ತಿಗೆಯ ದಿನಗಳಲ್ಲಿ ನೀರೇ ಜೀವ. ಆದರೆ ಕೋಟೆಯೊಳಗಿನ ಲಾಲ್‌ಬಾಗನ್ನು ನೋಡಿದವರಿಗೆ ಎರಡನೆಯ ಉತ್ತರವೂ ಹೊಳೆಯುತ್ತದೆ. ಸೋಲಾ ಖಂಬ ಮಸೀದಿಯ ಮುಂದೆ ಹರಡಿರುವ ಈ ತೋಟದಲ್ಲಿ ನೀರಿನ ಕಾಲುವೆಗಳೂ ಕೊಳವೂ ಇವೆ. ಸುತ್ತಲೂ ತರ್ಕಶ್ ಮಹಲು, ಗಗನ್ ಮಹಲು, ಹಮ್ಮಾಮು, ಅಡುಗೆಮನೆಗಳಿವೆ. ಇಲ್ಲಿ ನೀರು ಕುಡಿಯುವ ವಸ್ತುವಷ್ಟೇ ಆಗಿರಲಿಲ್ಲ. ನೋಡುವ, ಕೇಳುವ ವಸ್ತುವಾಗಿದ್ದಿತು. ವೈಶಾಖದ ಬಿಸಿಲಿನಲ್ಲಿ, ನೀರಿಗಾಗಿ ಮೈಲಿಗಟ್ಟಲೆ ನಡೆಯುವ ನಾಡಿನಲ್ಲಿ, ನೀರನ್ನು ಸುಮ್ಮನೆ ಹರಿಯಗೊಡುವುದಕ್ಕಿಂತ ದೊಡ್ಡ ಅಧಿಕಾರಪ್ರದರ್ಶನ ಬೇರೊಂದಿರಲಾರದು. 1470ರ ಸುಮಾರಿಗೆ ಬೀದರಿಗೆ ಬಂದಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನನು ಸುಲ್ತಾನನ ಅರಮನೆಗೆ ಏಳು ಬಾಗಿಲುಗಳಿದ್ದವೆಂದೂ, ಬಾಗಿಲುಬಾಗಿಲಿಗೆ ಕಾವಲುಗಾರರೂ ಬಂದುಹೋಗುವವರನ್ನು ಬರೆದಿಡುವ ಲೇಖಕರೂ ಇದ್ದರೆಂದೂ ತಿಳಿಸಿರುವನು. ಪ್ರಭುಗಳು ವೈಭವದಲ್ಲಿ ಮೆರೆಯುತ್ತಿರಲು ಹಳ್ಳಿಯ ಜನ ಕಡುಬಡತನದಲ್ಲಿದ್ದರೆಂಬುದನ್ನೂ ಅವನು ಮರೆಯಲಿಲ್ಲ. ಉದ್ಯಾನದ ಇತಿಹಾಸವನ್ನು ಬರೆಯುವವರು ಈ ಎರಡನೆಯ ಮಾತನ್ನು ಮರೆಯಕೂಡದು. ಏಳು ಬಾಗಿಲುಗಳ ಒಳಗಿದ್ದ ತೋಟದ ನೀರು ಬಾಗಿಲ ಹೊರಗಿನವರ ನೆಲದಡಿಯಿಂದಲೇ ಬಂದುದು.

ಯಾವ ಯಾವ ಗಿಡಗಳಿದ್ದವು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುತ್ತಾರೆ. ಅಷ್ಟೂರಿನ ಅಹಮದ ಶಾಹನ ಗೋರಿಯ ಒಳಗುಮ್ಮಟದಲ್ಲಿ ಬಣ್ಣದ ಹೂಬಳ್ಳಿಗಳಿವೆ. ಮದರಸದ ಹಾಗೂ ರಂಗೀನ್ ಮಹಲಿನ ಹೆಂಚುಗಳ ಮೇಲೆಯೂ ಇವೆ. ಇವನ್ನು ನೋಡಿ ತೋಟದ ಗಿಡಗಳ ಪಟ್ಟಿಯನ್ನು ಮಾಡಹೊರಡುವುದು ಅಪಾಯಕರ. ಚಿತ್ರಕಾರನ ಹೂವು ಪುಸ್ತಕದಿಂದ ಬಂದಿರಬಹುದು, ಗುರುವಿನಿಂದ ಬಂದಿರಬಹುದು. ತೋಟದಿಂದಲೇ ಬರಬೇಕೆಂಬ ನಿಯಮವಿಲ್ಲ. ಇನ್ನೊಂದು ತಪ್ಪುಕಲ್ಪನೆಯನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. ದಖ್ಖನಿನ ಕೋಟೆಕೊತ್ತಲಗಳ ಬಿರುಕುಗಳಲ್ಲಿ ಸೀತಾಫಲದ ಗಿಡಗಳು ತುಂಬಿ ಬೆಳೆದಿರುವುದರಿಂದ ಅವು ಸುಲ್ತಾನರ ತೋಟದ ಶೇಷವೆಂದು ಹೇಳುವವರಿದ್ದಾರೆ. ಸೀತಾಫಲವು ಅಮೆರಿಕಾ ಖಂಡದ ಸಸ್ಯ. ಪೇರಲ, ಪರಂಗಿ, ಮೆಣಸಿನಕಾಯಿಗಳಂತೆ ಅದು ಪೋರ್ಚುಗೀಸರ ಆಗಮನದ ತರುವಾಯ ಈ ದೇಶಕ್ಕೆ ಬಂದುದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಮಹಮೂದ್ ಗಾವಾನನು 1481ರಲ್ಲಿ ಕೊಲ್ಲಲ್ಪಟ್ಟನು. ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದುದು 1498ರಲ್ಲಿ. ಹಾಗಾಗಿ ಗಾವಾನನ ಮದರಸದ ವಿದ್ಯಾರ್ಥಿಯು ಸೀತಾಫಲದ ನೆರಳಿನಲ್ಲಿ ಕುಳಿತು ಓದಿದನೆಂಬ ವರ್ಣನೆ ಎಷ್ಟು ಚೆಲುವಾಗಿದ್ದರೂ ಇತಿಹಾಸವಲ್ಲ.

ಬೀದರಿನಲ್ಲಿ ಉದ್ಯಾನದ ವಿನ್ಯಾಸವನ್ನು ಅತ್ಯಂತ ಸ್ಪಷ್ಟವಾಗಿ ಓದಬಹುದಾದ ಸ್ಥಳವು ಕೋಟೆಯಲ್ಲಿಲ್ಲ. ಊರ ಪಶ್ಚಿಮಕ್ಕಿರುವ ಬರೀದಶಾಹಿ ಗೋರಿಗಳಲ್ಲಿದೆ. ಬಹಮನಿ ರಾಜ್ಯವು ಒಡೆದು ಐದಾದಾಗ ಬೀದರು ಬರೀದರ ಪಾಲಿಗೆ ಬಂದಿತು. ಅವರಲ್ಲಿ ಶಾಹ ಎಂಬ ಬಿರುದನ್ನು ಮೊದಲು ಧರಿಸಿದವನು ಅಲಿ ಬರೀದನು (1542-1580). 1565ರಲ್ಲಿ ವಿಜಯನಗರದ ವಿರುದ್ಧ ಕೂಡಿದ ಸುಲ್ತಾನರಲ್ಲಿ ಇವನೂ ಒಬ್ಬ. ತನ್ನ ಗೋರಿಯನ್ನು ಬದುಕಿರುವಾಗಲೇ, 1577ರ ಸುಮಾರಿಗೆ, ಕಟ್ಟಿಸಿಕೊಂಡನು. ಎತ್ತರದ ಜಗತಿಯ ಮೇಲಿರುವ ಈ ಕಟ್ಟಡಕ್ಕೆ ನಾಲ್ಕು ಕಡೆಗಳಲ್ಲಿಯೂ ಗೋಡೆಯಿಲ್ಲ. ನಾಲ್ಕು ದೊಡ್ಡ ಕಮಾನುಗಳು ಬಯಲಿಗೆ ತೆರೆದಿವೆ. ಅಷ್ಟೂರಿನ ಬಹಮನಿ ಗೋರಿಗಳ ಮುಚ್ಚಿದ, ಮಂದ ಬೆಳಕಿನ ಒಳಾಂಗಣಗಳನ್ನು ನೋಡಿ ಇಲ್ಲಿಗೆ ಬಂದವರಿಗೆ ಈ ಬದಲಾವಣೆಯು ಆಶ್ಚರ್ಯವನ್ನುಂಟುಮಾಡುತ್ತದೆ. ವಾಸ್ತುಶಿಲ್ಪದ ದೃಷ್ಟಿಯಿಂದ ಮಾತ್ರ ನೋಡಿದರೆ ಇದನ್ನು ಒಂದು ವಿಲಕ್ಷಣ ಪ್ರಯೋಗವೆಂದು ಬಿಟ್ಟುಬಿಡಬೇಕಾದೀತು. ಉದ್ಯಾನವನ್ನು ಸೇರಿಸಿಕೊಂಡು ನೋಡಿದಾಗ ಅರ್ಥವು ತೆರೆಯುತ್ತದೆ. ಗೋರಿಯು ನಾಲ್ಕು ಭಾಗವಾದ ಚೌಕತೋಟದ ನಡುವೆ ನಿಂತಿದೆ. ನಾಲ್ಕು ಕಮಾನುಗಳು ತೋಟದ ನಾಲ್ಕು ದಿಕ್ಕುಗಳಿಗೆ ಎದುರಾಗಿವೆ. ಕರಿಕಲ್ಲಿನ ಸಮಾಧಿಯ ಬಳಿ ನಿಂತವನಿಗೆ ಯಾವ ಕಡೆ ತಿರುಗಿದರೂ ಹಸುರು ಕಾಣಬೇಕು, ಗಾಳಿ ಅಡ್ಡಿಯಿಲ್ಲದೆ ಹಾಯಬೇಕು ಎಂಬುದು ರಚನಕಾರನ ಉದ್ದೇಶವಾಗಿದ್ದಿತು. ಕಟ್ಟಡವನ್ನು ಮೊದಲು ಕಟ್ಟಿ ಸುತ್ತ ತೋಟ ಹಾಕಿದುದಲ್ಲ. ತೋಟಕ್ಕಾಗಿಯೇ ಕಟ್ಟಡದ ಗೋಡೆಗಳನ್ನು ತೆಗೆದುದು.

ದೆಹಲಿಯಲ್ಲಿ ಹುಮಾಯೂನನ ಗೋರಿ ಮತ್ತು ಅದರ ಚಾರ್‌ಬಾಗ್ ಮುಗಿದುದು 1570ರ ದಶಕದ ಆರಂಭದಲ್ಲಿ. ಅಲಿ ಬರೀದನದು ಅದರ ಸಮಕಾಲೀನವೆಂದೇ ಹೇಳಬೇಕು. ಮೊಗಲರಿಂದ ಕಲಿತನೋ ಅಥವಾ ಇಬ್ಬರೂ ಪಾರಸೀಕ ಮೂಲದಿಂದ ಬೇರೆ ಬೇರೆಯಾಗಿ ಪಡೆದರೋ? ಎರಡನೆಯದೇ ಹೆಚ್ಚು ಸಂಭವನೀಯವೆಂದು ನಮಗೆ ತೋರುತ್ತದೆ. ಏಕೆಂದರೆ ಬೀದರಿಗೆ ಪಾರಸೀಕದೊಡನೆ ನೇರ ಸಂಪರ್ಕವು ಒಂದೂವರೆ ಶತಮಾನದಿಂದ ಇದ್ದಿತು. ದೆಹಲಿಯ ಮೂಲಕ ಹಾದುಬರುವ ಅಗತ್ಯವಿರಲಿಲ್ಲ. ನೆರೆಯ ಅಹಮದನಗರದಲ್ಲಿ 1583ರಲ್ಲಿ ಮುಗಿದ ಫರಹ್ ಬಾಗ್, ಬಿಜಾಪುರದ ಹೊರಗೆ 1599ರಲ್ಲಿ ಇಮ್ಮಡಿ ಇಬ್ರಾಹೀಂ ಆದಿಲಶಾಹನು ಆರಂಭಿಸಿದ ನವರಸಪುರ, ಇವೆಲ್ಲ ಅದೇ ತಲೆಮಾರಿನವು. ದಖ್ಖನಿನ ಅರಸರು ಉದ್ಯಾನದಲ್ಲಿ ಒಬ್ಬರೊಡನೊಬ್ಬರು ಸ್ಪರ್ಧಿಸುತ್ತಿದ್ದರು. ಐವರಲ್ಲಿ ರಾಜ್ಯವು ಚಿಕ್ಕದಾಗಿದ್ದ ಅಲಿ ಬರೀದನು ಈ ಸ್ಪರ್ಧೆಯಲ್ಲಿ ಹಿಂದೆ ಬೀಳದಿದ್ದುದು ಗಮನಾರ್ಹ. ಸೀಮೆಯನ್ನು ಗೆಲ್ಲಲಾಗದವನು ಒಂದು ಚೌಕ ನೆಲವನ್ನಾದರೂ ಸ್ವರ್ಗದ ಪಡಿಯಚ್ಚಿನಂತೆ ರಚಿಸಿಕೊಂಡನು ಎನ್ನೋಣವೇ? ಅವನ ತರುವಾಯದ ಇಬ್ರಾಹೀಂ, ಇಮ್ಮಡಿ ಕಾಸಿಂ ಮುಂತಾದವರ ಗೋರಿಗಳು ಅಲ್ಲಿಯೇ ಹತ್ತಿರದಲ್ಲಿವೆ. ಅವುಗಳ ವಿಷಯದಲ್ಲಿ ಹೆಚ್ಚು ಹೇಳುವ ಅವಶ್ಯಕತೆಯಿಲ್ಲ.

1619ರಲ್ಲಿ ಬೀದರು ಬಿಜಾಪುರಕ್ಕೆ ಸೇರಿತು. 1657ರಲ್ಲಿ ಔರಂಗಜೇಬನು ಮುತ್ತಿಗೆ ಹಾಕಿ, ಕೋಟೆಯ ಅಧಿಕಾರಿ ಸಿದ್ದಿ ಮರ್ಜಾನನನ್ನು ಸೋಲಿಸಿ ಅದನ್ನು ಗೆದ್ದು ಜಫರಾಬಾದ್ ಎಂದು ಹೆಸರಿಟ್ಟನು. ರಾಜಧಾನಿಯು ಸುಬೇದಾರನ ಠಾಣ್ಯವಾಯಿತು. ಮೊಗಲ್ ಅಧಿಕಾರಿ ಮುಖ್ತಾರ್ ಖಾನನು 1671ರಲ್ಲಿ ಫರಹ್ ಬಾಗ್ ಎಂಬಲ್ಲಿ ಮಸೀದಿಯನ್ನು ಕಟ್ಟಿಸಿದನು. ‘ಸಂತೋಷದ ತೋಟ’ವೆಂಬ ಈ ಹೆಸರೇ ಊರ ಹೊರಗಿನ ವಿಹಾರಸ್ಥಳದ ಪದ್ಧತಿ ಆಗಲೂ ಜೀವಂತವಾಗಿದ್ದಿತೆಂಬುದನ್ನು ತಿಳಿಸುತ್ತದೆ. ಇದು ಬೀದರಿನಲ್ಲಿ ಹೇಳಿಕೊಳ್ಳುವಂತಹ ಉದ್ಯಾನಗಳ ಸಾಲಿನಲ್ಲಿ ಬಹುಶಃ ಕೊನೆಯದು.

ಅನಂತರದ ಅವನತಿಗೆ ಯುದ್ಧವನ್ನೇ ಕಾರಣವಾಗಿ ಹೇಳುವ ವಾಡಿಕೆಯಿದೆ. ನಮಗೆ ಹಾಗೆ ತೋರುವುದಿಲ್ಲ. ಮುತ್ತಿಗೆಯು ಗೋಡೆಯನ್ನು ಒಡೆಯುತ್ತದೆ. ತೋಟವನ್ನು ಕೊಲ್ಲುವುದು ಅಲಕ್ಷ್ಯ. ಕರೇಜಿನ ಸುರಂಗವು ಪ್ರತಿ ಮಳೆಗಾಲದ ತರುವಾಯ ಹೂಳು ತೆಗೆಯುವವರನ್ನು ಬೇಡುತ್ತದೆ. ಅವರಿಗೆ ಕೂಲಿ ಕೊಡುವ ಅರಮನೆಯೊಂದು ಸಮೀಪದಲ್ಲಿಯೇ ಇರಬೇಕು. 1724ರ ತರುವಾಯ ನಿಜಾಮರ ಆಳ್ವಿಕೆಯಲ್ಲಿ ರಾಜಧಾನಿಯು ಮೊದಲು ಔರಂಗಾಬಾದ್, ಬಳಿಕ ಹೈದರಾಬಾದ್ ಆಯಿತು. ಬೀದರಿನ ಆದಾಯವು ಬೀದರಿನ ನೀರಿಗೆ ವೆಚ್ಚವಾಗುವ ಕಾರಣ ಉಳಿಯಲಿಲ್ಲ. 1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತ ಒಕ್ಕೂಟಕ್ಕೆ ಸೇರಿ, 1956ರ ನವೆಂಬರ್ 1ರಂದು ಜಿಲ್ಲೆಯು ಭಾಷಾನುಗುಣವಾಗಿ ಹಂಚಿಹೋಯಿತು; ಬೀದರು, ಭಾಲ್ಕಿ, ಔರಾದ, ಹುಮನಾಬಾದುಗಳು ಮೈಸೂರು ರಾಜ್ಯಕ್ಕೆ ಬಂದವು; ಉದಗೀರ ಮುಂತಾದವು ಮುಂಬಯಿಗೆ, ಜಹೀರಾಬಾದ್ ಮುಂತಾದವು ಆಂಧ್ರಕ್ಕೆ ಹೋದವು. ಕಾಡಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಬೇಟೆಯ ಅರಣ್ಯವೆಂದು ಕಥೆಗಳು ನೆನೆಯುವ ಸೀಮೆಯಲ್ಲಿ ಇಂದು ಹೊನ್ನಿಕೇರಿ, ಶಹಾಪುರಗಳ ಮೀಸಲು ಅರಣ್ಯಗಳಂತಹ ತುಣುಕುಗಳು ಉಳಿದಿವೆ. ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳು ಇನ್ನೂ ಕಾಣಸಿಗುತ್ತವೆ. ಶಹಾಪುರದ ಅರಣ್ಯದಲ್ಲಿ ಅರಣ್ಯ ಇಲಾಖೆಯು ‘ದೇವ ದೇವ ವನ’ವೆಂಬ ಸಸ್ಯೋದ್ಯಾನವನ್ನು ಬೆಳೆಸಿದೆ. ರಾಜಾಶ್ರಯದ ವಿಹಾರವನಕ್ಕೂ ಸರ್ಕಾರದ ಸಸ್ಯೋದ್ಯಾನಕ್ಕೂ ಉದ್ದೇಶ ಬೇರೆಯಾದರೂ ಅವು ಆರಿಸಿಕೊಂಡ ಕೆಂಪು ನೆಲ ಒಂದೇ.

ಇತ್ತೀಚಿನ ವರುಷಗಳಲ್ಲಿ ಈ ವಿಷಯಕ್ಕೆ ಗಮನ ಬಂದಿದೆ. 2014ರಲ್ಲಿ ವಿಶ್ವ ಸ್ಮಾರಕ ನಿಧಿಯು ಬೀದರಿನ ಐತಿಹಾಸಿಕ ನಗರವನ್ನು ತನ್ನ ಎಚ್ಚರಿಕೆಯ ಪಟ್ಟಿಗೆ ಸೇರಿಸಿತು. ಅದೇ ವರುಷ ದಖ್ಖನ ಸುಲ್ತಾನರ ಸ್ಮಾರಕಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿ ಸ್ಥಾನ ಪಡೆದವು. 2015ರ ಆಸುಪಾಸಿನಲ್ಲಿ ನೌಬಾದಿನ ಕರೇಜಿನ ಹೂಳನ್ನು ತೆಗೆಯುವ ಕೆಲಸವನ್ನು ಜಿಲ್ಲಾಡಳಿತವು ಕೈಗೊಂಡಿತು. ಹೂಳು ಹೋದ ಮೇಲೆ ಸುರಂಗದಲ್ಲಿ ನೀರು ಕಂಡಿತು. ಇದು ಅಭಿನಂದನೀಯ. ಆದರೆ ಸುರಂಗವನ್ನು ಮಾತ್ರ ಸ್ಮಾರಕವೆಂದು ಗಣಿಸಿ ಬೇಲಿ ಹಾಕಿದರೆ ಸಾಲದು. ಕರೇಜೆಂದರೆ ಸುರಂಗವಲ್ಲ, ತಾಯಿಬಾವಿಯ ಸುತ್ತ ಮಳೆಯನ್ನು ಕುಡಿಯುವ ವಿಸ್ತಾರವಾದ ಕೆಂಪು ಬಯಲೂ ಅದರ ಅಂಗವೇ. ಆ ಬಯಲಿನ ಮೇಲೆ ಬಡಾವಣೆಗಳು ಎದ್ದು, ನೆಲವು ಸಿಮೆಂಟಿನಿಂದ ಮುಚ್ಚಿ, ಕೊಳವೆಬಾವಿಗಳು ಕರಿಕಲ್ಲಿನ ಪದರವನ್ನೂ ತೂತು ಮಾಡಿದರೆ, ಸುರಂಗವು ಸ್ವಚ್ಛವಾಗಿರುತ್ತದೆ, ಒಣಗಿಯೂ ಇರುತ್ತದೆ. ನಗರದ ಕುಡಿಯುವ ನೀರು ಈಗ ಕಾರಂಜಾ ಜಲಾಶಯದಂತಹ ದೂರದ ಮೂಲಗಳಿಂದ ಬರುತ್ತಿರುವುದರಿಂದ ಕಾಲ ಕೆಳಗಿನ ನೀರಿನ ಚಿಂತೆ ಕಡಿಮೆಯಾಗಿರುವುದು ಅರ್ಥವಾಗತಕ್ಕದ್ದೇ.

ಕಾಲೇಜುಗಳ ಇತಿಹಾಸ ವಿಭಾಗಗಳು ಈ ದಿಸೆಯಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ಊರಿನ ಹಳೆಯ ಬಾವಿಗಳನ್ನು ಒಂದೊಂದಾಗಿ ಗುರುತಿಸಿ, ಯಾವುದು ಬಿಡಿಬಾವಿ, ಯಾವುದು ಸುರಂಗಕ್ಕೆ ಇಳಿದ ಗಾಳಿಬಾವಿ ಎಂಬುದನ್ನು ವಿಂಗಡಿಸಿ ನಕ್ಷೆಯಲ್ಲಿ ಬರೆಯುವುದಕ್ಕೆ ಹಗ್ಗ, ಅಳತೆಪಟ್ಟಿ ಮತ್ತು ಎರಡು ಬೇಸಗೆಯ ರಜೆಗಳು ಸಾಕು. ಸಾಲಾಗಿ ಬರುವ ಬಾವಿಗಳ ನೀರಿನ ಮಟ್ಟವು ಕಣಿವೆಯ ಕಡೆಗೆ ಕ್ರಮವಾಗಿ ಇಳಿಯುತ್ತಿದ್ದರೆ ಅವುಗಳ ಕೆಳಗೆ ಸುರಂಗವಿರುವ ಸಂಭವ ಹೆಚ್ಚು. ಕಂದಾಯದ ಹಳೆಯ ದಾಖಲೆಗಳಲ್ಲಿ ‘ಬಾಗ್’ ಎಂದು ಮುಗಿಯುವ ಹೊಲಗಳ ಹೆಸರುಗಳನ್ನು ಅದೇ ನಕ್ಷೆಯ ಮೇಲೆ ಗುರುತು ಮಾಡಿ, ಅವು ಸುರಂಗದ ಬಾಯಿಗೆ ಎಷ್ಟು ಸಮೀಪದಲ್ಲಿವೆ ಎಂಬುದನ್ನು ಅಳೆಯಬೇಕು.